ಹಿಂದಿರುಗುವ ವಿದ್ಯೆ: ನಾಯಿಬಂಡಿಯ ಓಟಗಾರ್ತಿ ಸೂಸನ್ ಬುಚರ್

(ವಿದ್ಯಾರ್ಥಿ ಶಿಬಿರದ ಎರಡನೆಯ ದಿನ ಸಂಜೆ ಮಾಡಿದ ಉಪನ್ಯಾಸದ ಲಿಖಿತ ರೂಪ)



ಕಾಡು, ಹೊಳೆ, ಗುಡ್ಡಗಳ ಕುರಿತು ಚರ್ಚೆ ನಡೆಯುವ ಈ ವೇದಿಕೆಯಲ್ಲಿ ಹಿಮದ ಮೇಲೆ ನಾಯಿಬಂಡಿ ಓಡಿಸಿದ ಹೆಣ್ಣುಮಗಳೊಬ್ಬಳ ಕಥೆಯನ್ನು ನಾನು ಆರಿಸಿಕೊಂಡದ್ದು ಕೆಲವರಿಗೆ ವಿಚಿತ್ರವೆನಿಸಬಹುದು. ನಮ್ಮಲ್ಲಿ ಬಹುತೇಕರು ಹಿಮವನ್ನು ಚಿತ್ರದಲ್ಲಿ ಮಾತ್ರ ಕಂಡವರು. ಆದರೂ ಈ ಕಥೆಯಲ್ಲಿ ನಮ್ಮೆಲ್ಲರಿಗೂ ಸೇರಿದ ಒಂದು ಪ್ರಶ್ನೆಯಿದೆ. ತನ್ನದಲ್ಲದ ಜೀವವೊಂದರ ಬಲವನ್ನು ನೆಚ್ಚಿ ಮನುಷ್ಯನು ದುಡಿಯುವಾಗ, ಎಲ್ಲಿ ನಿಲ್ಲಬೇಕೆಂಬುದನ್ನು ತೀರ್ಮಾನಿಸುವವರು ಯಾರು? ಮನುಷ್ಯನೋ, ಆ ಜೀವವೋ? ಸೂಸನ್ ಬುಚರ್ ತನ್ನ ಬದುಕಿನುದ್ದಕ್ಕೂ ಎದುರಿಸಿದ್ದು ಈ ಪ್ರಶ್ನೆಯನ್ನೇ.

ಮೊದಲು ಆ ನಾಡಿನ ಪರಿಚಯ ಮಾಡಿಕೊಳ್ಳೋಣ. ಅಲಾಸ್ಕಾ ಅಮೆರಿಕ ಸಂಯುಕ್ತ ಸಂಸ್ಥಾನದ ವಾಯವ್ಯ ತುದಿಯಲ್ಲಿರುವ ರಾಜ್ಯ. ಅಲ್ಲಿನ ಎಷ್ಟೋ ಹಳ್ಳಿಗಳಿಗೆ ಇಂದಿಗೂ ರಸ್ತೆಯಿಲ್ಲ. ಚಳಿಗಾಲದಲ್ಲಿ ನದಿಗಳೇ ಹೆಪ್ಪುಗಟ್ಟಿ ದಾರಿಗಳಾಗುತ್ತವೆ. ಅಲ್ಲಿನ ಮೂಲನಿವಾಸಿಗಳು ತಲೆಮಾರುಗಳಿಂದ ಆ ದಾರಿಗಳಲ್ಲಿ ನಾಯಿಗಳು ಎಳೆಯುವ ಜಾರುಬಂಡಿಗಳಲ್ಲಿ ಸಂಚರಿಸಿದವರು. ಬೇಟೆ, ಸೌದೆ, ಅಂಚೆ, ನೆಂಟಸ್ತಿಕೆ ಎಲ್ಲವೂ ನಾಯಿಗಳ ಬಲದಿಂದಲೇ ಸಾಗುತ್ತಿದ್ದವು. 1925ರ ಚಳಿಗಾಲದಲ್ಲಿ ಸಮುದ್ರತೀರದ ನೋಮ್ ಪಟ್ಟಣದಲ್ಲಿ ಗಂಟಲಮಾರಿ ರೋಗ ಹಬ್ಬಿ ಮಕ್ಕಳು ಸಾಯತೊಡಗಿದಾಗ, ನೆನಾನಾ ಎಂಬ ರೈಲುನಿಲ್ದಾಣದಿಂದ ಸುಮಾರು 1,085 ಕಿಲೋಮೀಟರ್ ದೂರಕ್ಕೆ ಔಷಧಿಯನ್ನು ಒಯ್ದದ್ದೂ ನಾಯಿಗಳೇ. ಸುಮಾರು 20 ಮಂದಿ ಬಂಡಿಗಾರರು ಅದನ್ನು ಕೈಯಿಂದ ಕೈಗೆ ದಾಟಿಸುತ್ತಾ ಐದೂವರೆ ದಿನಗಳಲ್ಲಿ ತಲುಪಿಸಿದರು. ಅವರಲ್ಲಿ ಹಲವರು ಅಲ್ಲಿನ ಮೂಲನಿವಾಸಿಗಳು.

1960ರ ದಶಕದಲ್ಲಿ ಹಳ್ಳಿಗಳಿಗೆ ಸ್ನೋಮೊಬೈಲ್ ಎಂಬ ಮೋಟಾರು ಬಂಡಿ ಬಂದಿತು. ಅದಕ್ಕೆ ದಿನವೂ ಮೀನು ಬೇಯಿಸಿ ಹಾಕಬೇಕಾಗಿರಲಿಲ್ಲ. ಕೆಲಸವಿಲ್ಲದ ದಿನ ಅದು ಏನನ್ನೂ ಬೇಡುತ್ತಿರಲಿಲ್ಲ. ಕೆಲವೇ ವರ್ಷಗಳಲ್ಲಿ ಮನೆಯಂಗಳದ ನಾಯಿಗಳು ಕಣ್ಮರೆಯಾಗತೊಡಗಿದವು. ಅವುಗಳೊಂದಿಗೆ ಯಾವ ಮರಿಯನ್ನು ಹೇಗೆ ಪಳಗಿಸಬೇಕು, ಯಾವ ಮಂಜು ಭಾರ ತಡೆಯುತ್ತದೆ, ಬಿರುಗಾಳಿಯಲ್ಲಿ ರಾತ್ರಿಯನ್ನು ಹೇಗೆ ಕಳೆಯಬೇಕು ಎಂಬ ವಿದ್ಯೆಯೂ ಹೊರಟುಹೋಗುವುದರಲ್ಲಿತ್ತು. ಇದನ್ನು ಕಂಡು ಕಳವಳಗೊಂಡವರು ಜೋ ರೆಡಿಂಗ್ಟನ್. ಹಳ್ಳಿಗಳಿಗೆ ನಾಯಿಗಳು ಮರಳಬೇಕಾದರೆ ಅವುಗಳಿಗೊಂದು ಗೌರವ ಬೇಕು ಎಂದು ಬಗೆದು, ಸಂಗಾತಿಗಳೊಡಗೂಡಿ ಆಂಕರೇಜ್ ನಗರದಿಂದ ನೋಮ್‌ವರೆಗೆ ಒಂದು ಓಟವನ್ನು ಏರ್ಪಡಿಸಿದರು. ಅದೇ ಇಡಿಟರಾಡ್. 1973ರಲ್ಲಿ ಮೊದಲ ಬಾರಿಗೆ 34 ತಂಡಗಳು ಹೊರಟವು. 22 ತಂಡಗಳು ಗುರಿ ಮುಟ್ಟಿದವು. ಸುಮಾರು 1,600 ಕಿಲೋಮೀಟರ್ ದೂರ ಕ್ರಮಿಸಲು ಗೆದ್ದವರಿಗೇ 20 ದಿನಗಳು ಬೇಕಾದವು.

ಸೂಸನ್ ಹುಟ್ಟಿದ್ದು ಅಲಾಸ್ಕಾದಲ್ಲಲ್ಲ. ಅವರು 1954ರಲ್ಲಿ ಮಸಾಚುಸೆಟ್ಸ್ ರಾಜ್ಯದಲ್ಲಿ ಜನಿಸಿ ಕೇಂಬ್ರಿಜ್ ನಗರದಲ್ಲಿ ಬೆಳೆದವರು. ಓದು ಬರಹದಲ್ಲಿ ಅಕ್ಷರಗಳು ತೊಡಕಾಗುವ ಡಿಸ್ಲೆಕ್ಸಿಯಾ ಅವರಿಗಿತ್ತು. ನಗರವೆಂದರೆ ಬಾಲ್ಯದಿಂದಲೂ ಆಗದು. ಶಾಲೆಯ ಪ್ರಬಂಧದಲ್ಲಿಯೇ ಅದನ್ನು ಬರೆದುಕೊಂಡ ಮಗು ಅದು. ತರಗತಿಯಲ್ಲಿ ಹಿಂದುಳಿದವರೆಂದು ತಮ್ಮನ್ನು ತಾವೇ ಹಳಿದುಕೊಳ್ಳುವ ವಿದ್ಯಾರ್ಥಿಗಳು ಇಲ್ಲಿಯೂ ಇರಬಹುದು. ಅಕ್ಷರ ಓದಲು ಕಷ್ಟಪಟ್ಟ ಈಕೆ ಮುಂದೆ ನಾಯಿಯ ಕಿವಿಯ ಕದಲಿಕೆಯನ್ನೂ ನಡಿಗೆಯ ಸಣ್ಣ ವ್ಯತ್ಯಾಸವನ್ನೂ ಪುಸ್ತಕದಂತೆ ಓದಬಲ್ಲವರಾದರು ಎಂಬುದನ್ನು ಅವರು ನೆನಪಿನಲ್ಲಿಡಲಿ.

ಕೊಲರಾಡೋದಲ್ಲಿ ಪಶುವೈದ್ಯರ ಸಹಾಯಕಿಯಾಗಿ ಕೆಲಸ ಮಾಡಿ, 1975ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ ಅವರು ಅಲಾಸ್ಕಾಕ್ಕೆ ಬಂದರು. ಅಲ್ಲಿ ಮೊದಲು ದೊರೆತದ್ದು ಮಸ್ಕ್ ಆಕ್ಸ್ ಎಂಬ ನೀಳ ಕೂದಲಿನ ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸ. ಬೇಟೆಯಿಂದಾಗಿ ಅಲಾಸ್ಕಾದಲ್ಲಿ ಸಂಪೂರ್ಣವಾಗಿ ಅಳಿದುಹೋಗಿದ್ದ ಈ ಪ್ರಾಣಿಯನ್ನು 1930ರ ದಶಕದಲ್ಲಿ ಗ್ರೀನ್‌ಲ್ಯಾಂಡಿನಿಂದ ತಂದು ಮತ್ತೆ ನೆಲೆಗೊಳಿಸಲಾಗಿತ್ತು. ಜೊತೆಜೊತೆಗೆ ಸೂಸನ್ ರ‍್ಯಾಂಗಲ್ ಪರ್ವತಗಳ ನಡುವೆ, ನಲ್ಲಿ ನೀರಿಲ್ಲದ ಮರದ ಗುಡಿಸಲಿನಲ್ಲಿ ತಮ್ಮ ನಾಯಿಗಳೊಡನೆ ವಾಸಿಸಿ ಚಳಿಗಾಲವನ್ನು ಎದುರಿಸುವುದನ್ನು ಕಲಿತರು. ಬಳಿಕ ಜೋ ರೆಡಿಂಗ್ಟನ್ ಅವರ ಬಳಿ ದುಡಿದರು. ಕೂಲಿಯಾಗಿ ಪಡೆದದ್ದು ನಾಯಿಗಳನ್ನು. 1979ರಲ್ಲಿ ಗುರುಶಿಷ್ಯರಿಬ್ಬರೂ ಸೇರಿ 6,190 ಮೀಟರ್ ಎತ್ತರದ ಡೆನಾಲಿ ಶಿಖರಕ್ಕೆ ನಾಯಿಬಂಡಿಯನ್ನು ಏರಿಸಿದರು. ಅದಕ್ಕೆ ಮೊದಲು ಯಾರೂ ಆ ಕೆಲಸ ಮಾಡಿರಲಿಲ್ಲ.

ಓಟಗಾರರೆಂದರೆ ಓಟದ ಕೆಲವು ದಿನಗಳಷ್ಟೇ ನಮ್ಮ ಕಣ್ಣಿಗೆ ಬೀಳುತ್ತವೆ. ನಿಜವಾದ ಕೆಲಸ ಇರುವುದು ಉಳಿದ ದಿನಗಳಲ್ಲಿ. ಒಳನಾಡಿನ ಯೂರೇಕಾ ಎಂಬ ನಿರ್ಜನ ನೆಲೆಯಲ್ಲಿ ಸೂಸನ್ ತಮ್ಮ ನಾಯಿಗಳ ಬಿಡಾರವನ್ನು ಕಟ್ಟಿಕೊಂಡರು. ಒಂದು ಹಂತದಲ್ಲಿ ಅಲ್ಲಿ ಸುಮಾರು 150 ನಾಯಿಗಳಿದ್ದವು. ಮರಿ ಹುಟ್ಟಿದಂದಿನಿಂದ ಅದನ್ನು ಕೈಯಲ್ಲಿ ಹಿಡಿದು, ಉಸಿರಿನ ವಾಸನೆ ಮತ್ತು ದನಿಯ ಪರಿಚಯ ಮಾಡಿಸಿ, ತುಸು ಬೆಳೆದ ಮೇಲೆ ಕಾಡಿನಲ್ಲಿ ಅಡ್ಡಾಡಿಸಿ, ಒಂದೊಂದರ ಸ್ವಭಾವವನ್ನೂ ಅರಿತುಕೊಳ್ಳುವುದು ಅವರ ಪದ್ಧತಿ. ಗ್ರಾನೈಟ್ ಎಂಬ ಅವರ ನಾಯಿ ಮರಿಯಾಗಿದ್ದಾಗ ಬಡಕಲು, ಅಂಜುಬುರುಕ. ಮಾರುಕಟ್ಟೆಯ ಲೆಕ್ಕದಲ್ಲಿ ಅದು ನಿರುಪಯೋಗಿ. ತಾಳ್ಮೆಯಿಂದ ಸಾಕಿದ ಸೂಸನ್ ಅವರ ತಂಡಕ್ಕೆ ಮುಂದೆ ಅದೇ ನಾಯಕನಾಯಿತು.

ನಾಯಿಬಂಡಿಗೆ ಮೂಗುದಾರವಿಲ್ಲ, ಲಗಾಮಿಲ್ಲ. ಬಂಡಿಗಾರ ಹಿಂದೆ ನಿಂತು ಕೂಗುವ ಮಾತೊಂದೇ ಆಧಾರ. ‘ಜೀ’ ಎಂದರೆ ಬಲಕ್ಕೆ, ‘ಹಾ’ ಎಂದರೆ ಎಡಕ್ಕೆ. ಆ ಮಾತನ್ನು ಕೇಳಿ ಇಡೀ ತಂಡವನ್ನು ತಿರುಗಿಸುವುದು ಮುಂದಿನ ನಾಯಿ. ಆದರೆ ಉತ್ತಮ ನಾಯಕ ನಾಯಿಯ ಲಕ್ಷಣ ಬರಿಯ ವಿಧೇಯತೆಯಲ್ಲ. ಸೂಸನ್ ಹೇಳುತ್ತಿದ್ದ ಒಂದು ಪ್ರಸಂಗವಿದೆ. ಹೆಪ್ಪುಗಟ್ಟಿದ ನದಿಯ ಮೇಲೆ ಸಾಗುವಾಗ ಟೆಕ್ಲಾ ಎಂಬ ನಾಯಕಿ ನಾಯಿ ದಾರಿ ಬಿಟ್ಟು ಪದೇ ಪದೇ ಬಲಕ್ಕೆ ಎಳೆಯತೊಡಗಿತು. ನೇರ ನಡೆಯೆಂದು ಎಷ್ಟು ಕೂಗಿದರೂ ಅದು ಒಪ್ಪಲಿಲ್ಲ. ಕೊನೆಗೆ ಸೂಸನ್ ಅದರ ಇಚ್ಛೆಗೇ ಬಿಟ್ಟರು. ತಂಡ ಬದಿಗೆ ಸರಿದ ಸ್ವಲ್ಪ ಹೊತ್ತಿನಲ್ಲೇ ಅವರು ಬಿಟ್ಟುಬಂದಿದ್ದ ದಾರಿ ಕುಸಿದು ನದಿಯ ಪಾಲಾಯಿತು. ಅಪ್ಪಣೆ ಕೊಡುವವನಿಗೆ ಕಾಣದ್ದು ಅಪ್ಪಣೆ ಪಾಲಿಸಬೇಕಾದ ಜೀವಕ್ಕೆ ಕಂಡಿತ್ತು. ಅದರ ಅವಿಧೇಯತೆಯನ್ನು ಆಲಿಸುವ ವಿನಯ ಇಲ್ಲದಿದ್ದರೆ ಅಂದು ಎಲ್ಲರೂ ಮುಳುಗುತ್ತಿದ್ದರು. ಸೂಸನ್ ಮುಂದೆ ತಮ್ಮ ಹಿರಿಯ ಮಗಳಿಗೆ ಇಟ್ಟ ಹೆಸರೂ ಟೆಕ್ಲಾ ಎಂದೇ.

ಓಟದ ದಿನಗಳ ದುಡಿಮೆಯನ್ನು ಸ್ವಲ್ಪ ಊಹಿಸಿಕೊಳ್ಳಿ. ಚಳಿ ಸೊನ್ನೆಗಿಂತ 40 ಡಿಗ್ರಿ ಕೆಳಕ್ಕೆ ಇಳಿಯಬಹುದು. ಕೆಲವು ಗಂಟೆ ಓಟ, ಬಳಿಕ ವಿಶ್ರಾಂತಿ. ಆದರೆ ಆ ವಿಶ್ರಾಂತಿ ನಾಯಿಗಳಿಗೆ ಮಾತ್ರ. ತಂಗುದಾಣ ತಲುಪಿದೊಡನೆ ಬಂಡಿಗಾರನು ಒಲೆ ಹಚ್ಚಿ, ಹಿಮ ಕರಗಿಸಿ ನೀರು ಮಾಡಿ, ಮಾಂಸ ಮೀನುಗಳ ಅಂಬಲಿ ಕಾಯಿಸಬೇಕು. ಓಟದ ನಾಯಿಯೊಂದಕ್ಕೆ ದಿನಕ್ಕೆ ಸುಮಾರು 10,000 ಕ್ಯಾಲೊರಿ ಆಹಾರ ಬೇಕಾಗುತ್ತದೆ. ಅಂದರೆ ದುಡಿಯುವ ನಾಲ್ವರು ಮನುಷ್ಯರ ಊಟದಷ್ಟು. ಮಲಗಲು ಹುಲ್ಲು ಹಾಸಬೇಕು. ಪ್ರತಿ ಪಾದಕ್ಕೂ ತೊಡಿಸಿದ ಬಟ್ಟೆಯ ಚೀಲವನ್ನು ಬಿಚ್ಚಿ ಬೆರಳುಗಳ ಸಂದನ್ನು ಪರೀಕ್ಷಿಸಿ ಮುಲಾಮು ಸವರಬೇಕು. ಹನ್ನೆರಡು ನಾಯಿಗಳಿದ್ದರೆ ನಲವತ್ತೆಂಟು ಪಾದಗಳು. ಇದೆಲ್ಲ ಮುಗಿದ ಮೇಲೆ ಸಮಯ ಉಳಿದರೆ ಬಂಡಿಗಾರನಿಗೆ ನಿದ್ದೆ. ದಾರಿಯಲ್ಲಿ ಪಶುವೈದ್ಯರು ನಾಯಿಗಳನ್ನು ತಪಾಸಣೆ ಮಾಡುತ್ತಾರೆ. ದಣಿದ ನಾಯಿಯನ್ನು ತಂಗುದಾಣದಲ್ಲಿಯೇ ಬಿಟ್ಟು ಉಳಿದವುಗಳೊಡನೆ ಮುಂದುವರಿಯಬೇಕು. ಬದಲಿ ನಾಯಿ ಸೇರಿಸಿಕೊಳ್ಳುವಂತಿಲ್ಲ. ತಂಡವು ಒಂದು ಕಡೆ 24 ಗಂಟೆ, ಇನ್ನೆರಡು ಕಡೆ ಎಂಟೆಂಟು ಗಂಟೆ ಕಡ್ಡಾಯವಾಗಿ ನಿಲ್ಲಲೇಬೇಕು ಎಂಬುದು ನಿಯಮ.

ಸೂಸನ್ 1978ರಲ್ಲಿ ಮೊದಲ ಬಾರಿಗೆ ಓಡಿ 19ನೆಯವರಾದರು. 1982ರಲ್ಲಿ ಹದಿನಾರು ದಿನಗಳ ಓಟದ ಕೊನೆಯಲ್ಲಿ ನಾಲ್ಕು ನಿಮಿಷಕ್ಕೂ ಕಡಿಮೆ ಅಂತರದಲ್ಲಿ ಎರಡನೆಯವರಾದರು. 1985ರಲ್ಲಿ ಗೆಲುವು ಅವರದೇ ಎಂದು ಹಲವರು ನಂಬಿದ್ದರು. ಆದರೆ ಒಂದು ರಾತ್ರಿ ದಾರಿಯ ನಡುವೆ ಮೂಸ್ ಒಂದು ಎದುರಾಯಿತು. ಜಿಂಕೆಯ ಕುಲದ, ಆದರೆ ಕುದುರೆಗಿಂತ ಎತ್ತರವಾಗಿ ಬೆಳೆಯುವ ಪ್ರಾಣಿ ಅದು. ಆಳವಾದ ಹಿಮದಲ್ಲಿ ಮೇವಿಲ್ಲದೆ ಬಳಲಿದ್ದ ಅದು ಗಟ್ಟಿಯಾದ ದಾರಿಯನ್ನು ಬಿಟ್ಟುಕೊಡಲೊಪ್ಪದೆ ನಾಯಿಗಳ ಮೇಲೆರಗಿತು. ಹಗ್ಗಕ್ಕೆ ಬಿಗಿದಿದ್ದ ನಾಯಿಗಳು ಓಡುವಂತಿರಲಿಲ್ಲ. ಸೂಸನ್ ಕೈಯಲ್ಲಿದ್ದ ಕೊಡಲಿ ಮತ್ತು ತಮ್ಮ ಮೇಲಂಗಿಯಿಂದಲೇ ಅದನ್ನು ತಡೆಯಲು ಹೆಣಗಿದರು. ಹಿಂದಿನಿಂದ ಬಂದ ಇನ್ನೊಬ್ಬ ಓಟಗಾರರು ಗುಂಡು ಹಾರಿಸಿ ಅದನ್ನು ಕೊಲ್ಲುವಷ್ಟರಲ್ಲಿ ಎರಡು ನಾಯಿಗಳು ಪ್ರಾಣ ಕಳೆದುಕೊಳ್ಳುವ ಸ್ಥಿತಿಯಲ್ಲಿದ್ದವು, ಹಲವು ಗಾಯಗೊಂಡಿದ್ದವು. ಸೂಸನ್ ಓಟವನ್ನು ಅಲ್ಲಿಗೇ ಕೈಬಿಟ್ಟು ನಾಯಿಗಳೊಡನೆ ಹಿಂದಿರುಗಿದರು. ಆ ವರ್ಷ ಬಿರುಗಾಳಿಯಲ್ಲಿಯೂ ಮುನ್ನುಗ್ಗಿದ ಲಿಬ್ಬಿ ರಿಡಲ್ಸ್ ಇಡಿಟರಾಡ್ ಗೆದ್ದ ಮೊದಲ ಮಹಿಳೆಯಾದರು.

ಮರುವರ್ಷ, 1986ರಲ್ಲಿ, ಸೂಸನ್ ಗೆದ್ದರು. 1987ರಲ್ಲಿ, 1988ರಲ್ಲಿ, ಮತ್ತೆ 1990ರಲ್ಲಿ ಗೆದ್ದರು. 1973ರಲ್ಲಿ 20 ದಿನ ಹಿಡಿದಿದ್ದ ದಾರಿಯನ್ನು ಅವರು 11 ದಿನಗಳಲ್ಲಿ ಕ್ರಮಿಸಿದರು. ಹೀಗೆ 1985ರಿಂದ 1988ರವರೆಗೆ ಸತತವಾಗಿ ನಾಲ್ಕು ವರ್ಷ ಹೆಂಗಸರೇ ಮೊದಲಿಗರು. ಅಲಾಸ್ಕಾದಲ್ಲಿ ಗಂಡಸರು ಗಂಡಸರೇ, ಆದರೆ ಇಡಿಟರಾಡ್ ಗೆಲ್ಲುವವರು ಮಾತ್ರ ಹೆಂಗಸರು ಎಂಬ ವಿನೋದ ಅಂಗಿಗಳ ಮೇಲೆ ಅಚ್ಚಾಗಿ ಮಾರಾಟವಾಯಿತು.

ಆದರೆ ನಾನು ನಿಮ್ಮ ಮುಂದಿಡಬೇಕೆಂದಿರುವುದು ಅವರು ಗೆಲ್ಲದ ಒಂದು ವರ್ಷವನ್ನು. 1991ರಲ್ಲಿ ಸೂಸನ್ ಐದನೆಯ ಗೆಲುವಿನ ಸಮೀಪದಲ್ಲಿದ್ದರು. ಗುರಿಯಾದ ನೋಮ್‌ಗೆ ಇನ್ನು ನೂರಿಪ್ಪತ್ತು ಕಿಲೋಮೀಟರಿನಷ್ಟು ದೂರವಿದ್ದಾಗ, ವೈಟ್ ಮೌಂಟನ್ ಎಂಬ ಹಳ್ಳಿಯಿಂದ ಎಲ್ಲರಿಗಿಂತ ಮೊದಲು ಹೊರಟರು. ದಾರಿಯಲ್ಲಿ ಭೀಕರ ಹಿಮಗಾಳಿ ಎದ್ದು ಮುಂದಿನ ಗುರುತುಕಂಬವೂ ಕಾಣದಾಯಿತು. ಸೂಸನ್ ತಂಡವನ್ನು ತಿರುಗಿಸಿ ಹಳ್ಳಿಗೆ ಹಿಂದಿರುಗಿದರು. ಅದೇ ಗಾಳಿಯಲ್ಲಿ ರಿಕ್ ಸ್ವೆನ್ಸನ್ ಮುಂದುವರಿದು ಗೆದ್ದರು. ಸೂಸನ್ ಮೂರನೆಯವರಾದರು. ಮುಂದುವರಿದವರ ಧೈರ್ಯವನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ಎಲ್ಲರಿಗಿಂತ ಮುಂದಿರುವಾಗ ಹಿಂದಿರುಗಲು ಬೇಕಾಗುವ ಧೈರ್ಯ ಬೇರೆಯ ಬಗೆಯದು. ಅದಕ್ಕೆ ಪದಕವಿಲ್ಲ. ಅವರು ಐದನೆಯ ಬಾರಿ ಎಂದೂ ಗೆಲ್ಲಲಿಲ್ಲ. 1994ರಲ್ಲಿ ಕೊನೆಯ ಬಾರಿ ಓಡಿ, ಸಂಸಾರದ ಕಡೆಗೆ ಗಮನ ಹರಿಸಿದರು. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಾ 2006ರ ಆಗಸ್ಟ್ 5ರಂದು, 51ನೆಯ ವಯಸ್ಸಿನಲ್ಲಿ ನಿಧನರಾದರು. ಪ್ರತಿವರ್ಷ ಮಾರ್ಚ್ ತಿಂಗಳ ಮೊದಲ ಶನಿವಾರ, ಇಡಿಟರಾಡ್ ಹೊರಡುವ ದಿನವನ್ನು, ಅಲಾಸ್ಕಾ ರಾಜ್ಯವು ಅವರ ಹೆಸರಿನಲ್ಲಿ ಆಚರಿಸುತ್ತದೆ.

ಮಿತ್ರರೇ, ಈ ಓಟದ ಬಗ್ಗೆ ಆಕ್ಷೇಪಗಳೂ ಇವೆ. ಅವನ್ನು ಮುಚ್ಚಿಟ್ಟು ನಿಮ್ಮೆದುರು ನಿಲ್ಲುವುದು ಸರಿಯಲ್ಲ. ಇಡಿಟರಾಡ್ ದಾರಿಯಲ್ಲಿ ನಾಯಿಗಳು ಸತ್ತಿವೆ. ಬಹುಮಾನಕ್ಕಾಗಿ ಪ್ರಾಣಿಗಳನ್ನು ಇಷ್ಟು ದೂರ ಓಡಿಸುವುದು ಹಿಂಸೆಯೆಂದು ಪ್ರಾಣಿದಯಾ ಸಂಘಟನೆಗಳು ವರ್ಷಗಳಿಂದ ವಾದಿಸುತ್ತಿವೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಾಯಿಗಳನ್ನು ಉಳಿಸಲೆಂದು ಹುಟ್ಟಿದ ಓಟದಲ್ಲಿ ವೇಗ ವರ್ಷದಿಂದ ವರ್ಷಕ್ಕೆ ಏರಿತು. ಈಗ ಎಂಟೊಂಬತ್ತು ದಿನಗಳಲ್ಲಿ ಗುರಿ ಮುಟ್ಟುವವರಿದ್ದಾರೆ. ಗೆಲ್ಲುವವರನ್ನು ಹೆಚ್ಚು ವೇಗವಾಗಿ ಓಡಿಸಿದವರೆಂದು ಮಾತ್ರ ಎಣಿಸಿದರೆ, ಯಂತ್ರದ ಲೆಕ್ಕವನ್ನೇ ನಾಯಿಗೂ ಹಚ್ಚಿದಂತಾಗುತ್ತದೆ. ಸೂಸನ್ ಅವರೂ ವೇಗದ ಈ ಆಸೆಯಿಂದ ಹೊರಗಿದ್ದವರಲ್ಲ. ಆದರೆ ಆ ಆಸೆಗೆ ಒಂದು ಕಡೆ ಮಿತಿ ಹಾಕಬೇಕು, ಆ ಮಿತಿಯನ್ನು ನಾಯಿಯ ಪಾದದಲ್ಲಿ, ಕಣ್ಣಿನಲ್ಲಿ ಓದಬೇಕು ಎಂಬುದನ್ನು ಅವರು ಅರಿತಿದ್ದರು.

ಈಗ ಇನ್ನೊಂದು ಮಿತಿ ಎದುರಾಗಿದೆ. ಹಿಮವೇ ಕಡಿಮೆಯಾಗುತ್ತಿದೆ. ದಾರಿಯಲ್ಲಿ ಹಿಮ ಸಾಲದೆ 2003ರಲ್ಲಿ ಓಟದ ಆರಂಭವನ್ನು ಉತ್ತರದ ಫೇರ್‌ಬ್ಯಾಂಕ್ಸ್ ನಗರಕ್ಕೆ ಸ್ಥಳಾಂತರಿಸಬೇಕಾಯಿತು. 2015, 2017 ಮತ್ತು 2025ರಲ್ಲಿ ಪುನಃ ಹಾಗೆಯೇ ಆಯಿತು. 2016ರಲ್ಲಿ ಆಂಕರೇಜ್ ನಗರದ ಉದ್ಘಾಟನಾ ಸಮಾರಂಭಕ್ಕಾಗಿ ರೈಲಿನಲ್ಲಿ ಹಿಮವನ್ನು ತರಿಸಿದರು! 2018 ಮತ್ತು 2019ರ ಚಳಿಗಾಲಗಳಲ್ಲಿ ಬೇರಿಂಗ್ ಸಮುದ್ರದ ಮೇಲಿನ ಹಿಮದ ಹೊದಿಕೆ ದಾಖಲೆಯ ಮಟ್ಟಕ್ಕೆ ಕುಗ್ಗಿತ್ತು. ಓಟಗಾರರು ಬೇರೆ ದಾರಿ ಹಿಡಿಯಬಹುದು. ಹೆಪ್ಪುಗಟ್ಟಿದ ನದಿಯೇ ರಸ್ತೆಯಾಗಿರುವ ಹಳ್ಳಿಗರಿಗೆ ಬೇರೆ ದಾರಿಯಿಲ್ಲ. ಸ್ನೋಮೊಬೈಲ್ ಬಂದಾಗ ಕಳೆದುಹೋಗುತ್ತಿದ್ದುದು ನಾಯಿಗಳು. ಅವನ್ನು ಒಂದು ಓಟದ ಮೂಲಕವಾದರೂ ಉಳಿಸಿಕೊಳ್ಳಲು ಯತ್ನಿಸಬಹುದಿತ್ತು. ಕರಗಿದ ಹಿಮವನ್ನು ಯಾವ ಓಟವೂ ಮರಳಿ ತರಲಾರದು.

ದಾರಿ ಬಿಟ್ಟು ಬಲಕ್ಕೆ ಎಳೆದ ಆ ಟೆಕ್ಲಾ ನಾಯಿಯನ್ನು ಮತ್ತೊಮ್ಮೆ ನೆನೆಯೋಣ. ಕಾಲಡಿಯ ಮಂಜು ತೆಳುವಾಗಿದೆ ಎಂಬ ಎಚ್ಚರಿಕೆಯನ್ನು ನಿಸರ್ಗವೂ ನಮಗೆ ಹಾಗೆಯೇ, ಪದೇ ಪದೇ ಕೊಡುತ್ತಿದೆ. ನೇರ ನಡೆಯೆಂದು ನಾವು ಕೂಗುತ್ತಲೇ ಇದ್ದೇವೆ. ಸೂಸನ್ ಬುಚರ್ ಅಂದು ಕೂಗುವುದನ್ನು ನಿಲ್ಲಿಸಿ ಬಂಡಿಯನ್ನು ತಿರುಗಗೊಟ್ಟರು, ಆದ್ದರಿಂದ ಬದುಕಿದರು. ಅಷ್ಟು ವಿನಯವನ್ನು ನಾವೂ ಕಲಿಯೋಣ.