ಹಲ್ಲಿನ ಮೇಲೆ ಎರಡು ಬಗೆಯ ಕಂದು



ಬೆಂಗಳೂರಿನ ಉತ್ತರ ಭಾಗದಲ್ಲಿ, ಅಂದರೆ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಕಡೆ, ಯಾವ ಮುಖ್ಯರಸ್ತೆಗೆ ಹೋದರೂ ಒಂದು ದಂತ ಚಿಕಿತ್ಸಾಲಯದ ಫಲಕ ಕಣ್ಣಿಗೆ ಬೀಳುತ್ತದೆ. ಒಳಗೆ ಹೋದವರಿಗೆ ಔಷಧಿಯ ಚೀಟಿಯೊಡನೆ ಸಲಹೆಗಳೂ ಸಿಗುತ್ತವೆ. ದಿನಕ್ಕೆ ಎರಡು ಸಲ ಹಲ್ಲುಜ್ಜಿ, ಸಿಹಿ ಕಡಿಮೆ ಮಾಡಿ, ನೋವಿಲ್ಲದಿದ್ದರೂ ಆಗಾಗ ಬಂದು ತೋರಿಸಿ. ಎಲ್ಲವೂ ಒಳ್ಳೆಯ ಮಾತುಗಳೇ. ಆದರೆ ನಮ್ಮ ಭಾಗದ ಮಟ್ಟಿಗೆ ಇನ್ನೊಂದು ಪ್ರಶ್ನೆ ಇದಕ್ಕೆ ಸೇರಬೇಕೆಂದು ನನ್ನ ಅಭಿಪ್ರಾಯ. ಎಂಟು ವರ್ಷದೊಳಗೆ ನೀವು ಯಾವ ಊರಿನ ನೀರು ಕುಡಿದಿರಿ?

ಈ ಪ್ರಶ್ನೆ ಏಕೆ ಬೇಕು? ದೊಡ್ಡಬಳ್ಳಾಪುರ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆಯಿಂದ ಬಸ್ಸು, ರೈಲು ಹಿಡಿದು ಯಲಹಂಕ, ಯಶವಂತಪುರಕ್ಕೆ ಓದಲು ಬರುವವರು ಅನೇಕರಿದ್ದಾರೆ. ಅವರಲ್ಲಿ ಕೆಲವರ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಅಡ್ಡ ಗೆರೆಗಳಿರುತ್ತವೆ. ಕ್ಯಾಮೆರಾ ಹತ್ತಿರ ಬಂದೊಡನೆ ತುಟಿ ಬಿಗಿಹಿಡಿಯುವ ಮಕ್ಕಳನ್ನು ನಾನು ಚಿತ್ರೀಕರಣದ ವೇಳೆ ಎಷ್ಟೋ ಬಾರಿ ನೋಡಿದ್ದೇನೆ. ಉತ್ತರ ಗೊತ್ತಿರುತ್ತದೆ, ಬಾಯಿ ಬಿಡುವುದಿಲ್ಲ. ಪಕ್ಕದಲ್ಲಿದ್ದವರು, "ಸರಿಯಾಗಿ ಹಲ್ಲುಜ್ಜಲ್ಲ, ಅದಕ್ಕೇ ಹೀಗೆ" ಎಂದುಬಿಡುತ್ತಾರೆ. ಅನೇಕ ವೇಳೆ ಇದು ಅನ್ಯಾಯದ ಮಾತು.

ಹಲ್ಲಿನ ಹೊರಪದರಕ್ಕೆ ಎನಾಮಲ್ ಎಂದು ಹೆಸರು. ನಮ್ಮ ದೇಹದಲ್ಲೆಲ್ಲ ಅತ್ಯಂತ ಗಟ್ಟಿಯಾದ ವಸ್ತು ಇದೇ. ಆದರೆ ಇದನ್ನು ಕಟ್ಟಿದ ಜೀವಕೋಶಗಳು ಹಲ್ಲು ಒಸಡಿನಿಂದ ಹೊರಬರುವಷ್ಟರಲ್ಲಿ ಇಲ್ಲವಾಗುತ್ತವೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ತೂತಾದ ಎನಾಮಲ್ ಮತ್ತೆ ಬೆಳೆಯದು. ಅದರಲ್ಲಿ ನರಗಳೂ ಇಲ್ಲ. ಹಾಗಾಗಿ ಅದು ಹಾಳಾಗುವಾಗ ನೋವೇ ಇರುವುದಿಲ್ಲ. ಹುಳುಕು ಒಳಪದರಕ್ಕೆ ಇಳಿದ ಮೇಲಷ್ಟೇ ಜುಮ್ಮೆನ್ನುತ್ತದೆ.

ಹುಳುಕು ಎಂದ ಮಾತ್ರಕ್ಕೆ ಅಲ್ಲಿ ಹುಳುವೇನೂ ಇರುವುದಿಲ್ಲ. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಬಾಯಿಯ ಪಿ.ಎಚ್. ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್‌ನ ಖನಿಜ ಕರಗತೊಡಗುತ್ತದೆ. ಜೊಲ್ಲು ಇದನ್ನು ಸರಿಪಡಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆದ್ದರಿಂದ ಊಟದೊಡನೆ ಎರಡು ಜಾಮೂನು ತಿನ್ನುವವನಿಗಿಂತ ದಿನವಿಡೀ ಒಂದೊಂದೇ ಪೆಪ್ಪರ್‌ಮಿಂಟು ಚಪ್ಪರಿಸುವವನ ಹಲ್ಲಿಗೆ ಹೆಚ್ಚು ಅಪಾಯ. ನಿದ್ರೆಯಲ್ಲಿ ಜೊಲ್ಲು ಕಡಿಮೆ. ಬೆಳಗಿನ ಉಜ್ಜುವಿಕೆ ಎಲ್ಲರ ಮನೆಯಲ್ಲೂ ಉಂಟು, ಆದರೆ ಹಲ್ಲಿಗೆ ನಿಜವಾಗಿ ಬೇಕಾದದ್ದು ರಾತ್ರಿಯದು.

ಇದು ಒಂದು ಬಗೆಯ ಕಂದು. ಇನ್ನೊಂದು ಬಗೆಯ ಕಂದಿಗೆ ಕಾರಣ ಸಕ್ಕರೆಯಲ್ಲ, ನೀರಿನಲ್ಲಿ ಕರಗಿರುವ ಫ್ಲೋರೈಡ್. ದವಡೆಯೊಳಗೆ ಹಲ್ಲು ರೂಪುಗೊಳ್ಳುತ್ತಿರುವಾಗ ಫ್ಲೋರೈಡ್ ಅತಿಯಾಗಿ ಒಳಸೇರಿದರೆ ಎನಾಮಲ್ ಪೂರ್ತಿ ಗಟ್ಟಿಯಾಗದೆ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಹಲ್ಲು ಸುಣ್ಣದಂಥ ಬಿಳಿ ಗೆರೆಗಳೊಡನೆ ಹುಟ್ಟಿ, ಕ್ರಮೇಣ ಕಂದು ಬಣ್ಣ ಹೀರಿಕೊಳ್ಳುತ್ತದೆ. ಇದೇ ದಂತ ಫ್ಲೋರೋಸಿಸ್. ಸಾಮಾನ್ಯವಾಗಿ ಎಡಬಲದ ಜೋಡಿ ಹಲ್ಲುಗಳೆರಡರಲ್ಲೂ ಗುರುತು ಒಂದೇ ರೀತಿ ಇರುತ್ತದೆ. ಹುಳುಕು ಹಾಗಲ್ಲ, ದವಡೆ ಹಲ್ಲಿನ ಸಂದು, ಹಲ್ಲುಗಳ ನಡುವಣ ಎಡೆ, ಒಸಡಿನ ಅಂಚು, ಹೀಗೆ ಎಲ್ಲಿ ಆಹಾರ ನಿಲ್ಲುತ್ತದೋ ಅಲ್ಲಿ ಹಿಡಿಯುತ್ತದೆ. ಆದರೂ ಯಾವುದು ಯಾವುದೆಂದು ತೀರ್ಮಾನಿಸಬೇಕಾದವರು ದಂತವೈದ್ಯರು, ಕನ್ನಡಿಯಲ್ಲ.

ಈ ರಹಸ್ಯ ಬಿಡಿಸಲು ಮೂವತ್ತು ವರ್ಷ ಹಿಡಿಯಿತು. 1901ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ ಬಂದ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯ ಅಲ್ಲಿನವರ ಕಂದು ಹಲ್ಲುಗಳನ್ನು ಕಂಡು ಬೆರಗಾದ. ಆ ಹಲ್ಲುಗಳಿಗೆ ಹುಳುಕು ಕಡಿಮೆ ಎಂಬುದು ಅವನಿಗೆ ಇನ್ನೂ ಸೋಜಿಗ. 1931ರಲ್ಲಿ ಎಚ್.ವಿ. ಚರ್ಚಿಲ್ ಎಂಬ ರಸಾಯನ ವಿಜ್ಞಾನಿ ನೀರಿನಲ್ಲಿ ಫ್ಲೋರೈಡನ್ನು ಪತ್ತೆಹಚ್ಚಿದ. ಅತಿಯಾದರೆ ಕಲೆ ಮಾಡುವ ವಸ್ತುವೇ ಮಿತದಲ್ಲಿ ಹಲ್ಲನ್ನು ಆಮ್ಲದಿಂದ ಕಾಪಾಡುತ್ತದೆ. ಟೂತ್‌ಪೇಸ್ಟಿಗೆ ಅದನ್ನು ಸೇರಿಸುವುದು ಇದಕ್ಕಾಗಿಯೇ.

ನಮ್ಮಲ್ಲಿ ಇದು ಎಲ್ಲಿಂದ ಬಂತು? ನಮ್ಮ ಕಾಲ ಕೆಳಗಿನ ಗ್ರಾನೈಟ್ ಬಂಡೆಯಿಂದ. ಬೆಂಗಳೂರಿಗೆ 1890ರ ದಶಕದಲ್ಲಿ ಕೊಳಾಯಿ ನೀರು ಬಂದದ್ದು ಹೆಸರಘಟ್ಟದ ಕೆರೆಯಿಂದ. ಅದು ಮಳೆಯ ನೀರು, ಬಂಡೆಯೊಡನೆ ಹೆಚ್ಚು ಕಾಲ ಕಳೆದದ್ದಲ್ಲ. ಕೆರೆಗಳು ಬತ್ತಿ, ಕೊಳವೆ ಬಾವಿಗಳು ನೂರಾರು ಅಡಿ ಇಳಿದ ಮೇಲೆ ನಾವು ಕುಡಿಯತೊಡಗಿದ್ದು ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರನ್ನು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಮುಂಡರಗಿಯ ಕಡೆ ಈ ತೊಂದರೆ ಹಳೆಯದು. ಬೆಂಗಳೂರಿನ ಹೊರವಲಯದ 110 ಹಳ್ಳಿಗಳಿಗೆಂದು ಕಾವೇರಿಯ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಅದರಾಚೆಗಿನ ಅನೇಕ ಊರುಗಳಿಗೆ ಕೊಳವೆ ಬಾವಿಯೇ ಗತಿ. ಪ್ರತಿ ಬಾವಿಯಲ್ಲೂ ಫ್ಲೋರೈಡ್ ಅತಿಯಾಗಿದೆ ಎಂದಲ್ಲ. ಅಕ್ಕಪಕ್ಕದ ಎರಡು ಬಾವಿಗಳ ನೀರೇ ಬೇರೆ ಬೇರೆ ಇರಬಹುದು. ರುಚಿ, ಬಣ್ಣ, ವಾಸನೆಯಿಂದ ತಿಳಿಯುವುದಿಲ್ಲ.

ಕಲೆ ಬಿದ್ದ ಹಲ್ಲನ್ನು ಇಟ್ಟಿಗೆ ಪುಡಿ, ಬೂದಿ ಹಾಕಿ ತಿಕ್ಕಬೇಡಿ. ಕಲೆ ಇರುವುದು ಎನಾಮಲ್‌ನ ಒಳಗೆ, ಸವೆಯುವುದು ಎನಾಮಲ್ಲೇ. ಕಲೆಯನ್ನು ತಿಳಿಗೊಳಿಸುವ, ಮರೆಮಾಡುವ ವಿಧಾನಗಳು ದಂತವೈದ್ಯರಲ್ಲಿವೆ. ಹಣದ ಚಿಂತೆಯಿದ್ದರೆ ಬೋಧನಾ ಆಸ್ಪತ್ರೆಗಳಿಗೆ ಹೋಗಿ. ಅಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ. ಹುಣಸಮಾರನಹಳ್ಳಿಯಲ್ಲಿ ಕೃಷ್ಣದೇವರಾಯ ದಂತ ಕಾಲೇಜಿದೆ, ಮತ್ತಿಕೆರೆಯ ಬಳಿ ರಾಮಯ್ಯ ದಂತ ಕಾಲೇಜಿದೆ, ವಿಕ್ಟೋರಿಯಾ ಆಸ್ಪತ್ರೆಯ ಬಳಿ ಸರ್ಕಾರಿ ದಂತ ಕಾಲೇಜಿದೆ.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿದ್ದುದು ನಿಮ್ಮ ಹಲ್ಲಿನ ವಿಷಯವಲ್ಲ. ಬುದ್ಧಿಹಲ್ಲೊಂದನ್ನು ಬಿಟ್ಟರೆ ಶಾಶ್ವತ ಹಲ್ಲುಗಳ ಎನಾಮಲ್ ಎಂಟು ವರ್ಷದೊಳಗೆ ಬಹುಮಟ್ಟಿಗೆ ರೂಪುಗೊಂಡಿರುತ್ತದೆ. ನಿಮ್ಮದು ಆಗಿಹೋಯಿತು. ಮನೆಯಲ್ಲಿರುವ ತಮ್ಮ, ತಂಗಿಯ ಹಲ್ಲು ಇನ್ನೂ ದವಡೆಯೊಳಗೇ ಕಟ್ಟಿಕೊಳ್ಳುತ್ತಿದೆ. ಅವರಿಗೆ ಪೇಸ್ಟು ಬಟಾಣಿ ಕಾಳಿನಷ್ಟು ಸಾಕು, ನುಂಗದಂತೆ ನೋಡಿಕೊಳ್ಳಿ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಸರಿಯಾಗಿ ನಡೆಯುತ್ತಿರುವ ಶುದ್ಧ ನೀರಿನ ಘಟಕದ ಆರ್.ಓ. ನೀರಿನಲ್ಲಿ ಅದು ಬಹುಪಾಲು ಇಳಿಯುತ್ತದೆ. ಶುಚಿಯಾಗಿ ಹಿಡಿದಿಟ್ಟ ಮಳೆ ನೀರಿನಲ್ಲಿ ಅದು ತೀರಾ ಕಡಿಮೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಮಿತಿ. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ.

ಊರಿನ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇದೆಯೇ ಎಂದು ಕೇಳಿ, ಇಲ್ಲವೇ ಸರ್ಕಾರಿ ಪ್ರಯೋಗಾಲಯಕ್ಕೆ ಒಯ್ಯಿರಿ. ಫ್ಲೋರೈಡ್ ಪರೀಕ್ಷೆಗೆ ಗಾಜಿನ ಬಾಟಲಿ ಬೇಡ, ಶುಚಿಯಾದ ಪ್ಲಾಸ್ಟಿಕ್ ಬಾಟಲಿ ಇರಲಿ. ಅದೇ ನೀರಿನಿಂದ ಎರಡು ಮೂರು ಸಲ ಕಲಕಿ ಚೆಲ್ಲಿ ಆಮೇಲೆ ತುಂಬಿ, ಬಾವಿ ಯಾವುದು, ತಾರೀಖು ಏನು ಎಂದು ಚೀಟಿ ಅಂಟಿಸಿ.