ಅಬ್ಬಿ ನೀರು, ಕಪ್ಪಾದ ಬಾಟಲಿ

(ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಮಧ್ಯಾಹ್ನದ ಬೆಲ್ಲು ಹೊಡೆದ ಕೂಡಲೇ ನಾವೆಲ್ಲ ಓಡುತ್ತಿದ್ದದ್ದು ಶಾಲೆಯ ಹಿಂದಿನ ಗುಡ್ಡದ ಅಬ್ಬಿಗೆ. ಬೊಗಸೆಯೊಡ್ಡಿ ಕುಡಿದ ಆ ನೀರಿನ ರುಚಿ ಬೆಂಗಳೂರಿನ ಯಾವ ಕ್ಯಾನಿನಲ್ಲೂ ಸಿಗಲಿಲ್ಲ. ಇಂಜಿನಿಯರ್ ಆದ ಮೇಲೆ ಒಮ್ಮೆ ಟಿಡಿಎಸ್ ಮೀಟರ್ ತಂದು ಅದ್ದಿ ನೋಡಿದೆ. 40 ತೋರಿಸಿತು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಒಳ್ಳೆಯದೇ. "ಅಮ್ಮಾ, ಇದು ಅಪ್ಪಟ ನೀರು, ಕಾಯಿಸೋದು ಬೇಡ" ಎಂದುಬಿಟ್ಟೆ.

ಆ ಮಳೆಗಾಲದಲ್ಲಿ ತಂಗಿಯ ಮಗು ವಾಂತಿಭೇದಿಯಾಗಿ ಮೂರು ದಿನ ಆಸ್ಪತ್ರೆಯಲ್ಲಿ ಮಲಗಿತು. ನೀರಿನಿಂದಲೇ ಬಂತೆಂದು ಖಚಿತವಾಗಲಿಲ್ಲ. ಆದರೆ ನಾನಾಡಿದ ಮಾತು ನನ್ನನ್ನೇ ಚುಚ್ಚಿತು.

ಆಮೇಲೆ ತಿಳಿದುಕೊಂಡೆ. ಆ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಹರಿಯುವ ಗುಣವನ್ನು. ಅದರಿಂದ ಕರಗಿದ ಲವಣದ ಅಂದಾಜು ಸಿಗುತ್ತದೆ. ರೋಗಾಣು ಅದಕ್ಕೆ ಕಾಣುವುದೇ ಇಲ್ಲ. ಅದಕ್ಕೆ ಎಚ್‌ಟುಎಸ್ ಬಾಟಲಿ ಬೇಕು. 1982ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಪ್ರಕಟಿಸಿದ ಸುಲಭ ವಿಧಾನ ಇದು. ಗುರುತಿನವರೆಗೆ ನೀರು ತುಂಬಿಸಿ, ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಡಬೇಕು. ಮುಂದಿನ ಆಷಾಢದಲ್ಲಿ ಹಾಗೇ ಮಾಡಿದೆ. ಮರುದಿನ ಬಾಟಲಿ ಕಾಡಿಗೆಯಂತೆ ಕಪ್ಪಾಗಿತ್ತು.

ಕಪ್ಪಾದರೆ ಮಲಿನವಾಗಿದೆಯೆಂಬ ಬಲವಾದ ಅನುಮಾನ. ಖಚಿತಪಡಿಸಲು ಪ್ರಯೋಗಾಲಯವೇ ಆಗಬೇಕು. ಅವರೇ ಕೊಡುವ ಶುದ್ಧ ಬಾಟಲಿಯ ಒಳಭಾಗಕ್ಕೆ ಬೆರಳು ತಾಗಿಸದೆ ನೀರು ಹಿಡಿದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಅದೇ ದಿನ ಮುಟ್ಟಿಸಬೇಕು. 100 ಮಿಲಿಲೀಟರ್ ನೀರಿನಲ್ಲಿ ಒಂದೇ ಒಂದು ಇ-ಕೊಲೈ ಕೂಡ ಇರಬಾರದು ಎನ್ನುತ್ತದೆ ಮಾನಕ.

"ಅಜ್ಜನ ಕಾಲದಿಂದ ಕುಡಿದಿದ್ದೇವಲ್ಲ ಮಾರಾಯ" ಎನ್ನುವವರಿದ್ದಾರೆ. ನಿಜ. ಆದರೆ ಆಗ ಗುಡ್ಡದ ಮೇಲೆ ಮನೆ, ಕೊಟ್ಟಿಗೆ, ಶೌಚದ ಗುಂಡಿ ಇರಲಿಲ್ಲ. ಬೇಸಿಗೆಯ ತಿಳಿನೀರು ಮೊದಲ ಮಳೆಯ ನಂತರ ಅದೇ ನೀರಾಗಿ ಉಳಿಯುವುದಿಲ್ಲ. ನನ್ನ ಕೆಲಸದಲ್ಲೂ ಹಾಗೆಯೇ: ಒಮ್ಮೆ ಪಾಸಾದ ಸಾಫ್ಟ್‌ವೇರನ್ನು ಪ್ರತಿ ಬದಲಾವಣೆಯ ನಂತರ ಮತ್ತೆ ಪರೀಕ್ಷಿಸುತ್ತೇವೆ.

ಈ ಶಾಲೆಯ ಮಕ್ಕಳು ಇಂದಿಗೂ ಅದೇ ಅಬ್ಬಿಯ ನೀರು ಕುಡಿಯುತ್ತಾರೆ. ಆದ್ದರಿಂದ ಒಂದು ಬಿನ್ನಹ. ಒರತೆಯ ಸುತ್ತ ಬೇಲಿ ಹಾಕಿ, ಮೇಲಿನ ಮಳೆನೀರು ಬೇರೆಡೆ ಹೋಗುವಂತೆ ಕಾಲುವೆ ತೆಗೆಯೋಣ. ವರ್ಷಕ್ಕೆರಡು ಬಾರಿ, ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಪರೀಕ್ಷೆ ಮಾಡಿಸೋಣ. ಖರ್ಚು ನಮ್ಮ ಬ್ಯಾಚಿನದು; ಫಲಿತಾಂಶ ಬರೆದಿಡುವ ಪುಸ್ತಕ ಮಕ್ಕಳದು. ಅಲ್ಲಿಯವರೆಗೆ ನೀರನ್ನು ಕೊತಕೊತ ಕುದಿಸಿಯೇ ಕುಡಿಯೋಣ.

"ಅಂದುಕೊಂಡದ್ದನ್ನಲ್ಲ, ಕಂಡದ್ದನ್ನು ಬರೆಯಿರಿ" ಎಂದು ಇದೇ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಹೇಳುತ್ತಿದ್ದರು. ನಾನು ತಡವಾಗಿ ಕಲಿತೆ. ಈಗಿನ ಮಕ್ಕಳು ಬೇಗ ಕಲಿಯಲಿ.