ಈಮಾನ್, ಜಮಾಅತ್ ಮತ್ತು ಜೇನುಗೂಡು

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)





ಪವಿತ್ರ ಕುರ್‌ಆನಿನ 16ನೆಯ ಅಧ್ಯಾಯದ ಹೆಸರು 'ಅನ್ನಹ್ಲ್', ಅಂದರೆ ಜೇನುನೊಣ. 27ನೆಯದು 'ಅನ್ನಮ್ಲ್', ಇರುವೆ. 29ನೆಯದು 'ಅಲ್ ಅನ್‌ಕಬೂತ್', ಜೇಡ. ಸೃಷ್ಟಿಯನ್ನು ನೋಡಿ ಚಿಂತಿಸಿರಿ ಎಂದು ಕುರ್‌ಆನ್ ನಮ್ಮನ್ನು ಮತ್ತೆ ಮತ್ತೆ ಕರೆಯುತ್ತದೆ. ಇಂದು ಜೇನುನೊಣದಿಂದ ಒಂದು ಪಾಠ ಕಲಿಯೋಣ.

ನಮ್ಮ ಮಲೆನಾಡು, ಕರಾವಳಿಯ ತೋಟಗಳಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನನ್ನು ನೀವು ನೋಡಿರಬಹುದು. ಗೂಡಿನೊಳಗೆ ಮರಿಗಳು ಬೆಳೆಯಲು ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಬಿಸಿಲೇರಿದಾಗ ಕೆಲವು ನೊಣಗಳು ನೀರು ತರುತ್ತವೆ, ಕೆಲವು ರೆಕ್ಕೆ ಬೀಸಿ ಗಾಳಿ ಹಾಕುತ್ತವೆ. ಚಳಿಯಾದಾಗ ಒಂದಕ್ಕೊಂದು ಒತ್ತಿಕೊಂಡು, ಮೈ ನಡುಗಿಸಿ ಶಾಖ ಹುಟ್ಟಿಸುತ್ತವೆ. ಒಂಟಿ ನೊಣಕ್ಕೆ ಇದು ಸಾಧ್ಯವಿಲ್ಲ. ದುಡಿಯುವ ನೊಣದ ಆಯುಸ್ಸು ಹೆಚ್ಚಾಗಿ ಕೆಲವೇ ವಾರಗಳು. ಹೂವಿನ ಕಾಲದಲ್ಲಿ ಅದು ಕೂಡಿಟ್ಟ ಜೇನು, ಹೂವಿಲ್ಲದ ಮಳೆಗಾಲದಲ್ಲಿ ಅದರ ನಂತರ ಹುಟ್ಟಿದವುಗಳ ಹೊಟ್ಟೆ ತುಂಬಿಸುತ್ತದೆ.

ಈಮಾನಿನ ಶಾಖವೂ ಹಾಗೆಯೇ. ಒಬ್ಬರೇ ನಿರ್ವಹಿಸುವ ನಮಾಝ್‌ಗಿಂತ ಜಮಾಅತ್ ನಮಾಝ್ 27 ಪಟ್ಟು ಶ್ರೇಷ್ಠವೆಂದು ಹದೀಸ್ ತಿಳಿಸುತ್ತದೆ. ಸಫ್‌ನಲ್ಲಿ ವ್ಯಾಪಾರಿಯ ಭುಜಕ್ಕೆ ಕೂಲಿಕಾರನ ಭುಜ ತಾಗುತ್ತದೆ. ನಡುವೆ ಗೇಣು ಜಾಗ ಖಾಲಿಯಿದ್ದರೂ ತುಂಬಿಸಿಕೊಳ್ಳಿ ಎಂದು ಇಮಾಮರು ಹೇಳುತ್ತಾರೆ.

ಬಂಧುಗಳೇ, ಮಸೀದಿಯ ಆ ಖಾಲಿ ಜಾಗ ನಮಗೆ ಕಾಣುತ್ತದೆ. ಆದರೆ ನಮ್ಮ ಮೊಹಲ್ಲಾದ ಹುಡುಗನೊಬ್ಬ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ, ಯಾರಿಗೂ ಮುಖ ತೋರಿಸದೆ ಗ್ಯಾರೇಜು ಸೇರಿದರೆ? ಫೀಸು ಕಟ್ಟಲಾಗದೆ ಹುಡುಗಿಯೊಬ್ಬಳು ಪಿಯುಸಿಯ ನಡುವೆಯೇ ಮನೆಯಲ್ಲಿ ಉಳಿದರೆ? ತರಗತಿಯ ಆ ಖಾಲಿ ಜಾಗ ನಮ್ಮಲ್ಲಿ ಎಷ್ಟು ಮಂದಿಗೆ ಕಾಣುತ್ತದೆ? ಅಂತಹ ಮಗುವಿಗೆ "ಸಬ್ರ್ ಮಾಡು" ಎಂದಷ್ಟೇ ಹೇಳಿ ನಾವು ಎದ್ದು ಹೋಗುವಂತಿಲ್ಲ.

ಕ್ರಿ.ಶ. 622ರಲ್ಲಿ ಮದೀನಾಕ್ಕೆ ಹಿಜ್ರತ್ ಮಾಡಿದ ನಂತರ ಪ್ರವಾದಿವರ್ಯರು(ಸ) ಮಕ್ಕಾದ ಮುಹಾಜಿರರನ್ನೂ ಮದೀನಾದ ಅನ್ಸಾರರನ್ನೂ ಜೋಡಿ ಜೋಡಿಯಾಗಿ ಸಹೋದರರನ್ನಾಗಿ ಮಾಡಿದರು. ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನೇ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರ ಮುಂದಿಟ್ಟರು. ಅವರು ಬರಕತ್‌ಗಾಗಿ ದುಆ ಮಾಡಿ, ಪೇಟೆಯ ದಾರಿ ತೋರಿಸಿದರೆ ಸಾಕೆಂದರು. ಬೆಣ್ಣೆ, ಗಿಣ್ಣಿನ ವ್ಯಾಪಾರದಿಂದ ಆರಂಭಿಸಿ ಮುಂದೆ ದೊಡ್ಡ ವರ್ತಕರಾದರು. ಕೊಡುವವರ ಮನಸ್ಸು ಹೇಗಿರಬೇಕು, ಪಡೆಯುವವರ ಸ್ವಾಭಿಮಾನ ಹೇಗಿರಬೇಕು, ಎರಡೂ ಇಲ್ಲಿವೆ.

ನಮ್ಮ ರಾಜ್ಯದಲ್ಲೇ ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರು 1966ರಲ್ಲಿ ಬೆಂಗಳೂರಿನಲ್ಲಿ ಅಲ್ ಅಮೀನ್ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ಅವರು 2021ರಲ್ಲಿ ನಮ್ಮನ್ನಗಲಿದರು. ಆದರೆ ಅವರು ಕೂಡಿಟ್ಟ ಜೇನನ್ನು ಇಂದಿಗೂ ಮಕ್ಕಳು ಸವಿಯುತ್ತಿದ್ದಾರೆ.

ವಿದ್ಯಾರ್ಥಿಗಳೇ, ಸೋತಾಗ ಒಂಟಿಯಾಗಿ ಕೂರಬೇಡಿ. ಮಸೀದಿಗೆ ಬನ್ನಿ, ಗುರುಗಳ ಬಳಿ ಹೋಗಿ, ಗೆಳೆಯರೊಡನೆ ಕುಳಿತು ಮತ್ತೆ ಓದಿ. ಸದಸ್ಯರೇ, ಈ ವರ್ಷ ಪ್ರತಿಯೊಬ್ಬರೂ ಶಾಲೆ ಬಿಟ್ಟ ಒಂದೊಂದು ಮಗುವಿನ ಮನೆಗೆ ಹೋಗೋಣ. ಹಣವಿದ್ದವರು ಫೀಸು ಕಟ್ಟಲಿ, ವಿದ್ಯೆಯಿದ್ದವರು ಸಂಜೆ ಒಂದು ಗಂಟೆ ಪಾಠ ಹೇಳಲಿ, ಎರಡೂ ಇಲ್ಲದವರು ಆ ಮಗುವಿನ ಕೈಹಿಡಿದು ಶಾಲೆಯ ಬಾಗಿಲವರೆಗೆ ನಡೆಯಲಿ.

ನಮ್ಮ ಸಫ್‌ನಲ್ಲಿ ಯಾವ ಮಗುವಿನ ಜಾಗವೂ ಖಾಲಿ ಉಳಿಯದಂತೆ ಅಲ್ಲಾಹನು ನಮಗೆಲ್ಲ ತೌಫೀಕ್ ನೀಡಲಿ. ಆಮೀನ್.

ವಸ್ಸಲಾಮ್.